ಸ್ಪಾರ್ಕ್ ಬಂದರೆ ಸಾಲದು, ಹೊತ್ತಿಗೆ ಬರಬೇಕು: ಕಾರಿನ ಎಲೆಕ್ಟ್ರಾನಿಕ್ ಇಗ್ನಿಷನ್ ಅರಿಯುವ, ಪರೀಕ್ಷಿಸುವ ಬಗೆ

ಕಾರು ಸ್ಟಾರ್ಟ್ ಆಗದೆ ನಿಂತಾಗ ಎಲ್ಲರ ಬಾಯಲ್ಲೂ ಮೊದಲು ಬರುವ ಪ್ರಶ್ನೆ, "ಸ್ಪಾರ್ಕ್ ಬರ್ತಿದೆಯಾ?" ಪ್ರಶ್ನೆ ಸರಿಯೇ, ಆದರೆ ಅರ್ಧ ಮಾತ್ರ. ಪ್ಲಗ್ ಬಿಚ್ಚಿ ಹೊರಗೆ ಹಿಡಿದಾಗ ಚಟಚಟ ಎನ್ನುವ ಕಿಡಿ, ಸಿಲಿಂಡರಿನೊಳಗಿನ ಒತ್ತಡದಲ್ಲಿ ಹಾರದೇ ಹೋಗಬಹುದು. ಹಾರಿದರೂ ತಪ್ಪು ಹೊತ್ತಿಗೆ ಹಾರುತ್ತಿರಬಹುದು. ಇದು ಗೊತ್ತಿಲ್ಲದೆ ಪ್ಲಗ್ ಬದಲಿಸಿ, ಕಿಡಿಗೆ ವೋಲ್ಟೇಜ್ ಏರಿಸುವ ಕಾಯಿಲ್ ಬದಲಿಸಿ, ಕೊನೆಗೆ ಇಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯುವಿಗೇ ಕೈ ಹಾಕಿದವರನ್ನು ನಾನು ಬಹಳ ನೋಡಿದ್ದೇನೆ. ಒಳಗೆ ಏನು ನಡೆಯುತ್ತದೆ ಎಂದು ಒಮ್ಮೆ ಮನಸ್ಸಿಗೆ ಹತ್ತಿದರೆ, ದೋಷ ಹುಡುಕುವ ದಾರಿ ತಾನಾಗಿ ತೆರೆದುಕೊಳ್ಳುತ್ತದೆ. ಆದ್ದರಿಂದ ಮೊದಲು ಕೆಲಸದ ಬಗೆ, ಆಮೇಲೆ ಪರೀಕ್ಷೆ.

ಇಲ್ಲಿ ಹೇಳುವುದೆಲ್ಲ ಪೆಟ್ರೋಲ್ ಇಂಜಿನ್ನಿನ ಮಾತು. ಸಿಎನ್‌ಜಿ, ಎಲ್‌ಪಿಜಿ ಕಾರುಗಳಿಗೂ ಸಲ್ಲುತ್ತದೆ. ಡೀಸೆಲ್‌ನಲ್ಲಿ ಒತ್ತಡದ ಬಿಸಿಗೇ ಇಂಧನ ಹೊತ್ತಿಕೊಳ್ಳುವುದರಿಂದ ಅಲ್ಲಿ ಕಿಡಿಗೆ ಕೆಲಸವಿಲ್ಲ.

ಮೊದಲು ಹೊತ್ತಿನ ಲೆಕ್ಕ

ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಪಟಾಕಿಯಂತೆ ಒಮ್ಮೆಗೇ ಸಿಡಿಯುವುದಿಲ್ಲ. ಪ್ಲಗ್‌ನ ತುದಿಯಲ್ಲಿ ಪುಟ್ಟ ಉರಿ ಹುಟ್ಟಿ, ಅದು ಸಿಲಿಂಡರಿನ ಗೋಡೆಯವರೆಗೆ ಹಬ್ಬಲು ಒಂದೆರಡು ಮಿಲಿಸೆಕೆಂಡ್ ಹಿಡಿಯುತ್ತದೆ. ಕಣ್ಣು ಮಿಟುಕಿಸುವುದರೊಳಗೆ ಮುಗಿಯುವ ಈ ಹೊತ್ತು ಇಂಜಿನ್ನಿಗೆ ಎಷ್ಟು ದೊಡ್ಡದು ನೋಡಿ. 3000 ಆರ್‌ಪಿಎಂ ಎಂದರೆ ಸೆಕೆಂಡಿಗೆ 50 ಸುತ್ತು, ಒಂದು ಸುತ್ತಿಗೆ 20 ಮಿಲಿಸೆಕೆಂಡ್. ಒಂದೇ ಮಿಲಿಸೆಕೆಂಡಿನಲ್ಲಿ ಕ್ರ್ಯಾಂಕ್, ಅಂದರೆ ಪಿಸ್ಟನ್ನಿನ ಏರಿಳಿತವನ್ನು ಸುತ್ತಾಗಿಸುವ ದಂಡ, 18 ಡಿಗ್ರಿ ತಿರುಗಿರುತ್ತದೆ.

ಸೈಕಲ್ ಪೆಡಲ್ ನೆನಪಿಸಿಕೊಳ್ಳಿ. ಪೆಡಲ್ ನೆಟ್ಟಗೆ ಮೇಲಿದ್ದಾಗ ಎಷ್ಟು ತುಳಿದರೂ ಚಕ್ರ ಮುಂದೆ ಹೋಗದು. ಅದು ತುದಿ ದಾಟಿ ಸ್ವಲ್ಪ ಮುಂದೆ ಬಾಗಿದಾಗ ತುಳಿದರೆ ಬಲ ಸಿಗುತ್ತದೆ. ಪಿಸ್ಟನ್ನಿಗೂ ಹಾಗೆಯೇ. ಉರಿಯ ಒತ್ತಡ ಶಿಖರ ಮುಟ್ಟಬೇಕಾದದ್ದು ಪಿಸ್ಟನ್ ಮೇಲಿನ ತುದಿ ದಾಟಿ ಕ್ರ್ಯಾಂಕ್ ಸುಮಾರು 15 ಡಿಗ್ರಿ ತಿರುಗಿದಾಗ. ಅದಕ್ಕಾಗಿ ಪಿಸ್ಟನ್ ಇನ್ನೂ ಮೇಲೇರುತ್ತಿರುವಾಗಲೇ ಕಿಡಿ ಹಾರಿಸಬೇಕು. ಇದಕ್ಕೇ ಅಡ್ವಾನ್ಸ್ ಎನ್ನುವುದು.

ಕಿಡಿ ಬೇಗ ಬಂದರೆ ಉರಿಯ ಒತ್ತಡ ಮೇಲೇರುವ ಪಿಸ್ಟನ್ನಿಗೇ ಎದುರು ನಿಲ್ಲುತ್ತದೆ. ಇನ್ನೂ ಉರಿಯದ ಮಿಶ್ರಣ ಮೂಲೆಯಲ್ಲಿ ತಾನೇ ಸಿಡಿದು ಕಟಕಟ ಸದ್ದು ಬರುತ್ತದೆ. ಅದೇ ನಾಕಿಂಗ್. ತಡವಾಗಿ ಬಂದರೆ ಪಿಕಪ್ ಸಾಯುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಉರಿ ಸೈಲೆನ್ಸರ್ ಕಡೆಗೆ ಹರಿದು ಅಲ್ಲಿ ಬಿಸಿ ಏರುತ್ತದೆ.

ಪಾಯಿಂಟ್‌ನಿಂದ ಟ್ರಾನ್ಸಿಸ್ಟರ್‌ಗೆ

1910ರ ಸುಮಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಬ್ಯಾಟರಿ ಇಗ್ನಿಷನ್ ಆರು ದಶಕ ಆಳಿತು. ಕಿಡಿಯನ್ನು ಸಿಲಿಂಡರುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್ ಒಳಗೆ ಪಾಯಿಂಟ್ ಎಂಬ ಒಂದು ಜೋಡಿ ಲೋಹದ ತುದಿಗಳು ತೆರೆದು ಮುಚ್ಚುತ್ತ ಕಾಯಿಲ್‌ನ ಕರೆಂಟ್ ಕಡಿಯುತ್ತಿತ್ತು. ಪಾಯಿಂಟ್ ಸುಡುತ್ತದೆ, ಸವೆಯುತ್ತದೆ, ವೇಗ ಹೆಚ್ಚಿದಾಗ ಪುಟಿಯುತ್ತದೆ. ಸವೆದಷ್ಟೂ ಟೈಮಿಂಗ್ ಜಾರುತ್ತದೆ. ಅಡ್ವಾನ್ಸ್ ಕೊಡಲು ಸ್ಪ್ರಿಂಗ್ ಕಟ್ಟಿದ ತೂಕದ ಬಿಲ್ಲೆಗಳು, ಒಂದು ವ್ಯಾಕ್ಯೂಮ್ ಡಬ್ಬಿ, ಇಷ್ಟೇ ಇದ್ದದ್ದು.

1973ರ ಮಾದರಿಗಳಲ್ಲಿ ಕ್ರೈಸ್ಲರ್, 1975ರಲ್ಲಿ ಜನರಲ್ ಮೋಟಾರ್ಸ್ ಪಾಯಿಂಟ್ ತೆಗೆದು ಆ ಜಾಗಕ್ಕೆ ಟ್ರಾನ್ಸಿಸ್ಟರ್ ತಂದವು. ಕರೆಂಟ್ ಕಡಿಯಲು ಉಜ್ಜುವ ಭಾಗ ಬೇಡವಾಯಿತು. ನಿಜವಾದ ತಿರುವು 1979ರದು. ಬಾಷ್‌ನ ಮೋಟ್ರಾನಿಕ್ ವ್ಯವಸ್ಥೆ ಪೆಟ್ರೋಲ್ ಚಿಮ್ಮಿಸುವ ಕೆಲಸವನ್ನೂ ಕಿಡಿ ಹಾರಿಸುವ ಕೆಲಸವನ್ನೂ ಒಂದೇ ಕಂಪ್ಯೂಟರಿಗೆ ಒಪ್ಪಿಸಿತು. ಇಂದಿನ ಇಸಿಯು ಅದೇ ವಂಶದ್ದು.

ಕಿಡಿ ಹುಟ್ಟುವ ದಾರಿ

ಇಡೀ ವ್ಯವಸ್ಥೆಯನ್ನು ಸುದ್ದಿ, ತೀರ್ಮಾನ, ಬಲ ಎಂದು ಬಿಡಿಸಿಕೊಳ್ಳಿ. ಸೆನ್ಸರ್‌ಗಳು ಸುದ್ದಿ ತರುತ್ತವೆ, ಇಸಿಯು ತೀರ್ಮಾನಿಸುತ್ತದೆ, ಕಾಯಿಲ್ ಮತ್ತು ಪ್ಲಗ್ ಬಲ ತೋರುತ್ತವೆ.

ಸುದ್ದಿಗಾರರಲ್ಲಿ ಹಿರಿಯ ಕ್ರ್ಯಾಂಕ್ ಸೆನ್ಸರ್. ಕ್ರ್ಯಾಂಕ್‌ನ ಜೊತೆ ತಿರುಗುವ ಹಲ್ಲಿನ ಚಕ್ರವೊಂದಿರುತ್ತದೆ. ಬಹಳ ಕಾರುಗಳಲ್ಲಿ ಅದರಲ್ಲಿ 60 ಹಲ್ಲಿಗೆ ಜಾಗ, ಬೇಕೆಂದೇ ಎರಡನ್ನು ಬಿಟ್ಟು 58 ಹಲ್ಲು. ಒಂದೊಂದು ಹಲ್ಲು ದಾಟಿದರೂ ಕ್ರ್ಯಾಂಕ್ 6 ಡಿಗ್ರಿ ತಿರುಗಿತೆಂದು ಲೆಕ್ಕ. ಹಲ್ಲಿಲ್ಲದ ಬಿಲ ಎದುರಾದಾಗ ಇಸಿಯುವಿಗೆ ಎಣಿಕೆಯ ಮೊದಲ ಕಲ್ಲು ಸಿಗುತ್ತದೆ. ಎರಡು ಹಲ್ಲಿನ ನಡುವಿನ ಹೊತ್ತನ್ನು ಅದು ಸಮನಾಗಿ ಹಂಚಿಕೊಂಡು ಡಿಗ್ರಿಗಿಂತಲೂ ಸಣ್ಣ ಲೆಕ್ಕ ಹಾಕುತ್ತದೆ.

ಆದರೆ ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಒಂದು ಆವರ್ತ ಮುಗಿಯಲು ಕ್ರ್ಯಾಂಕ್ ಎರಡು ಸುತ್ತು ಬರಬೇಕು. ಒಂದನೇ ಪಿಸ್ಟನ್ ಮೇಲಿದೆ ಎಂಬುದನ್ನು ಮಾತ್ರ ಕ್ರ್ಯಾಂಕ್ ಸೆನ್ಸರ್ ಹೇಳಬಲ್ಲದು. ಅದು ಮಿಶ್ರಣ ಒತ್ತಲು ಬಂತೋ, ಹೊಗೆ ತಳ್ಳಲು ಬಂತೋ ಎಂದು ಹೇಳುವುದು, ವಾಲ್ವ್ ತೆರೆಯುವ ದಂಡವನ್ನು ಕಾಯುವ ಕ್ಯಾಮ್ ಸೆನ್ಸರ್. ಇವೆರಡರ ಮಾತು ತಾಳೆಯಾದ ಮೇಲೆ ಯಾವ ಸಿಲಿಂಡರಿನ ಸರದಿ ಎಂದು ಇಸಿಯುವಿಗೆ ಖಚಿತ.

ಉಳಿದವು ಹೊತ್ತನ್ನು ತಿದ್ದಲು. ಒಳಗೆ ಹೋಗುವ ಗಾಳಿಯ ಒತ್ತಡ ಅಥವಾ ತೂಕ ಅಳೆಯುವ ಸೆನ್ಸರ್ ಇಂಜಿನ್ನಿನ ಮೇಲಿನ ಹೊರೆ ತಿಳಿಸುತ್ತದೆ. ಹೊರೆ ಕಡಿಮೆಯಿದ್ದರೆ ಮಿಶ್ರಣ ತೆಳುವಾಗಿ ನಿಧಾನವಾಗಿ ಉರಿಯುತ್ತದೆ, ಅಡ್ವಾನ್ಸ್ ಹೆಚ್ಚು ಬೇಕು. ಏರು ಹತ್ತುವಾಗ ಮಿಶ್ರಣ ದಟ್ಟ, ಉರಿ ಚುರುಕು, ಆಗ ಅಡ್ವಾನ್ಸ್ ಇಳಿಸಬೇಕು. ಕೂಲೆಂಟ್ ಮತ್ತು ಗಾಳಿಯ ಬಿಸಿ ಅಳೆಯುವ ಸೆನ್ಸರ್‌ಗಳದೂ ಇದೇ ಸೇವೆ. ಇಂಜಿನ್ ಬ್ಲಾಕಿಗೆ ಬೋಲ್ಟ್ ಮಾಡಿದ ನಾಕ್ ಸೆನ್ಸರ್ ಮಾತ್ರ ಬೇರೆ ತರಹದ್ದು. ಅದರೊಳಗಿನ ಹರಳು ನಾಕಿಂಗ್‌ನ ಕಂಪನಕ್ಕೆ ವೋಲ್ಟೇಜ್ ಹುಟ್ಟಿಸುತ್ತದೆ. ಇಸಿಯು ಕೂಡಲೇ ಕಿಡಿಯನ್ನು ಕೆಲವು ಡಿಗ್ರಿ ಹಿಂದಕ್ಕೆ ಎಳೆದು, ಆಮೇಲೆ ಒಂದೊಂದೇ ಹೆಜ್ಜೆ ಮುಂದೆ ತರುತ್ತದೆ. ಈ ಸೆನ್ಸರ್‌ನ ಬೋಲ್ಟನ್ನು ಕೈಗೆ ಬಂದಷ್ಟು ಬಿಗಿದರೆ ಅದರ ಕಿವಿ ಕೆಡುತ್ತದೆ. ಟಾರ್ಕ್ ರೆಂಚ್ ಹಿಡಿದೇ ಬಿಗಿಯಿರಿ.

ಈಗ ಬಲದ ಮಾತು. ನನ್ನ ಪ್ರಕಾರ ಇಡೀ ವ್ಯವಸ್ಥೆಯ ಅತಿ ಸೊಗಸಾದ ಭಾಗ ಕಾಯಿಲ್, ಮತ್ತು ಬಹಳ ಜನ ತಪ್ಪು ತಿಳಿದಿರುವುದೂ ಇದನ್ನೇ. ಕಾಯಿಲ್‌ಗೆ ಕರೆಂಟ್ ಕೊಟ್ಟಾಗ ಕಿಡಿ ಹಾರುತ್ತದೆ ಎಂದುಕೊಳ್ಳುತ್ತಾರೆ. ಅಲ್ಲ, ಕರೆಂಟ್ ಕಡಿದಾಗ ಹಾರುತ್ತದೆ.

ಕಾಯಿಲ್‌ನ ಒಳಗೆ ದಪ್ಪ ತಂತಿಯ ಪ್ರೈಮರಿ ಸುರುಳಿ, ಅದಕ್ಕಿಂತ ಸುಮಾರು ನೂರು ಪಟ್ಟು ಸುತ್ತುಗಳ ತೆಳು ತಂತಿಯ ಸೆಕೆಂಡರಿ ಸುರುಳಿ ಇವೆ. ಇಸಿಯು ಟ್ರಾನ್ಸಿಸ್ಟರ್ ಆನ್ ಮಾಡಿದಾಗ ಬ್ಯಾಟರಿಯ 12 ವೋಲ್ಟ್ ಪ್ರೈಮರಿಗೆ ಹರಿಯುತ್ತದೆ. ಕರೆಂಟ್ ಒಮ್ಮೆಗೇ ಏರುವುದಿಲ್ಲ. ಮೂರು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ನಿಧಾನವಾಗಿ 6ರಿಂದ 8 ಆಂಪಿಯರ್ ಮುಟ್ಟುತ್ತದೆ. ಈ ತುಂಬಿಕೊಳ್ಳುವ ಹೊತ್ತಿಗೆ ಡ್ವೆಲ್ ಎಂದು ಹೆಸರು. ಬ್ಯಾಟರಿ ಸೊರಗಿದ್ದರೆ ಇಸಿಯು ಡ್ವೆಲ್ ಉದ್ದ ಮಾಡಿ ಕೊರತೆ ತುಂಬುತ್ತದೆ. ತುಂಬಿದ ಕ್ಷಣಕ್ಕೆ ಟ್ರಾನ್ಸಿಸ್ಟರ್ ಪಟ್ಟನೆ ಆಫ್ ಆಗಿ ಕರೆಂಟ್ ಕಡಿಯುತ್ತದೆ. ಕಾಂತಕ್ಷೇತ್ರ ಕುಸಿಯುತ್ತದೆ. ಆ ಕುಸಿತಕ್ಕೆ ಪ್ರೈಮರಿಯಲ್ಲೇ 300ರಿಂದ 400 ವೋಲ್ಟ್ ಏಳುತ್ತದೆ, ಸೆಕೆಂಡರಿಯಲ್ಲಿ ಅದು ನೂರು ಪಟ್ಟಾಗಿ 30,000 ವೋಲ್ಟ್ ದಾಟಬಲ್ಲದು.

ದಾಟಬಲ್ಲದು ಎಂದದ್ದನ್ನು ಗಮನಿಸಿ. ಕಾಯಿಲ್ ಪ್ರತಿ ಸಲವೂ ಅಷ್ಟು ವೋಲ್ಟೇಜ್ ಹುಟ್ಟಿಸುವುದಿಲ್ಲ. ಪ್ಲಗ್‌ನ ಗ್ಯಾಪ್ ದಾಟಲು ಎಷ್ಟು ಬೇಕೋ ಅಷ್ಟಕ್ಕೇ ಕಿಡಿ ಹಾರಿಬಿಡುತ್ತದೆ. ಐಡ್ಲಿಂಗ್‌ನಲ್ಲಿ ಸಿಲಿಂಡರಿನ ಒತ್ತಡ ಕಡಿಮೆ, ಹತ್ತು ಸಾವಿರ ವೋಲ್ಟಿನ ಆಸುಪಾಸು ಸಾಕಾಗುತ್ತದೆ. ಆಕ್ಸಿಲರೇಟರ್ ಪೂರ್ತಿ ಒತ್ತಿ ಏರು ಹತ್ತುವಾಗ ದಟ್ಟ ಗಾಳಿಯನ್ನು ಸೀಳಲು ಅದರ ಎರಡು ಪಟ್ಟೂ ಬೇಕಾದೀತು. ಪ್ಲಗ್ ಸವೆದು ಗ್ಯಾಪ್ ಹಿಗ್ಗಿದ್ದರೆ ಇನ್ನೂ ಹೆಚ್ಚು. ನಿಂತಲ್ಲಿ ಮೆತ್ತಗೆ ಓಡುವ ಇಂಜಿನ್ ಏರಿನಲ್ಲಿ ಮಾತ್ರ ಮಿಸ್ಸಿಂಗ್ ಹೊಡೆಯುವುದು, ಅಂದರೆ ಆಗಾಗ ಉರಿ ತಪ್ಪುವುದು, ಇದಕ್ಕೇ. ಸೊರಗಿದ ಕಾಯಿಲ್, ಸವೆದ ಪ್ಲಗ್, ಬಿರುಕು ಬಿಟ್ಟ ರಬ್ಬರ್ ಕವಚ ಎಲ್ಲವೂ ಹೊರೆ ಬಿದ್ದಾಗಲೇ ಬಣ್ಣ ಬಯಲು ಮಾಡುತ್ತವೆ. ಗ್ಯಾಸ್ ಮೇಲೆ ಓಡುವ ಕಾರಿಗೆ ಪೆಟ್ರೋಲಿಗಿಂತ ಹೆಚ್ಚು ವೋಲ್ಟೇಜ್ ಬೇಕು. "ಪೆಟ್ರೋಲಲ್ಲಿ ಸರಿ, ಗ್ಯಾಸಲ್ಲಿ ಜರ್ಕ್" ಎಂದರೆ ಮೊದಲು ಪ್ಲಗ್ ನೋಡಿ.

ಕಿಡಿ ಹಂಚುವ ಬಗೆ ಕಾರಿನಿಂದ ಕಾರಿಗೆ ಬೇರೆ. ಹಳೆಯವಲ್ಲಿ ಒಂದೇ ಕಾಯಿಲ್, ಒಂದು ಡಿಸ್ಟ್ರಿಬ್ಯೂಟರ್. ಮುಂದೆ ಎರಡು ಸಿಲಿಂಡರಿಗೊಂದು ಕಾಯಿಲ್ ಬಂತು. ಅದರಲ್ಲಿ 1 ಮತ್ತು 4, 2 ಮತ್ತು 3 ಜೋಡಿ. ಒಂದು ಪ್ಲಗ್ ಮಿಶ್ರಣ ಹೊತ್ತಿಸುವಾಗ ಜೋಡಿಯ ಇನ್ನೊಂದು ಹೊಗೆ ತಳ್ಳುವ ಸಿಲಿಂಡರಿನಲ್ಲಿ ಸುಮ್ಮನೆ ಕಿಡಿ ಹಾರಿಸುತ್ತದೆ. ಇಂದು ಪ್ರತಿ ಪ್ಲಗ್‌ನ ತಲೆಯ ಮೇಲೂ ಅದರದೇ ಕಾಯಿಲ್. ಇದರ ಲಾಭ ಲೆಕ್ಕದಲ್ಲಿದೆ. ನಾಲ್ಕು ಸಿಲಿಂಡರಿಗೆ ಒಂದೇ ಕಾಯಿಲ್ ಇದ್ದರೆ 6000 ಆರ್‌ಪಿಎಂನಲ್ಲಿ ಒಂದು ಕಿಡಿಯಿಂದ ಮುಂದಿನದಕ್ಕೆ 5 ಮಿಲಿಸೆಕೆಂಡ್ ಮಾತ್ರ. ಅಷ್ಟರಲ್ಲೇ ತುಂಬಬೇಕು, ಉರಿಯಬೇಕು. ತಲೆಗೊಂದು ಕಾಯಿಲ್ ಇದ್ದರೆ ಒಂದೊಂದಕ್ಕೂ 20 ಮಿಲಿಸೆಕೆಂಡ್ ಸಿಗುತ್ತದೆ.

ಕೈ ಹಾಕುವ ಮುನ್ನ

ಓಡುತ್ತಿರುವ ಇಂಜಿನ್ನಿನ ಪ್ಲಗ್ ವೈರ್ ಅಥವಾ ಕಾಯಿಲ್ ಎಳೆದು ನೋಡುವ ಹಳೆಯ ಅಭ್ಯಾಸವನ್ನು ದಯವಿಟ್ಟು ಬಿಡಿ. ದಾರಿ ಸಿಗದ ವೋಲ್ಟೇಜ್ ಕಾಯಿಲ್‌ನ ಇನ್ಸುಲೇಷನ್ ಸೀಳಿಕೊಂಡು ಹೋಗುತ್ತದೆ, ಟ್ರಾನ್ಸಿಸ್ಟರ್ ಸುಡಬಹುದು, ಆ ದಾರಿ ನಿಮ್ಮ ಕೈಯೂ ಆಗಬಹುದು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಈ ಕೆಲಸದ ಹತ್ತಿರವೇ ಬರಬಾರದು. ಪ್ಲಗ್ ಹೊರಗೆ ತೆಗೆದು ಪರೀಕ್ಷೆ ಮಾಡುವುದಿದ್ದರೆ ಮೊದಲು ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಇಂಜೆಕ್ಟರ್‌ಗಳ ಕನೆಕ್ಟರ್ ಬಿಚ್ಚಿ. ಇಲ್ಲವಾದರೆ ಪ್ಲಗ್ ತೂತಿನಿಂದ ಪೆಟ್ರೋಲ್ ಆವಿ ಉಗುಳುವ ಜಾಗದ ಪಕ್ಕದಲ್ಲೇ ನೀವು ಕಿಡಿ ಹಾರಿಸುತ್ತಿರುತ್ತೀರಿ.

ಹೆಜ್ಜೆ 1: ಯಾವಾಗ ಆಗುತ್ತದೆ ಎಂದು ಕೇಳಿ

ಸ್ಪ್ಯಾನರ್ ಹಿಡಿಯುವ ಮೊದಲು ಲಕ್ಷಣ ಬರೆದುಕೊಳ್ಳಿ. ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಏರಿನಲ್ಲೋ, ಐಡ್ಲಿಂಗ್‌ನಲ್ಲೋ? ಮಳೆಯಲ್ಲಿ ಮಾತ್ರವೋ? ಮಳೆಗೆ ಹೆಚ್ಚಾಗುವ ಮಿಸ್ಸಿಂಗ್ ಸಾಮಾನ್ಯವಾಗಿ ಪ್ಲಗ್ ವೈರ್ ಅಥವಾ ಕಾಯಿಲ್‌ನ ಬಿರುಕಿನದು. ಕತ್ತಲಲ್ಲಿ ಬಾನೆಟ್ ತೆರೆದು, ಇಂಜಿನ್ ಓಡುವಾಗ ಮುಟ್ಟದೆ ನೋಡಿದರೆ ಸೋರುವ ನೀಲಿ ಕಿಡಿ ಕಣ್ಣಿಗೇ ಕಾಣುತ್ತದೆ.

ಚೆಕ್ ಇಂಜಿನ್ ದೀಪ ಸುಮ್ಮನೆ ಉರಿಯುತ್ತಿದ್ದರೆ ಬಿಡುವು ಮಾಡಿಕೊಂಡು ನೋಡಬಹುದು. ಮಿಣುಕುತ್ತಿದ್ದರೆ ತಡಮಾಡಬೇಡಿ. ಉರಿಯದ ಪೆಟ್ರೋಲ್, ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅಲ್ಲಿ ಉರಿಯುತ್ತಿದೆ ಎಂದೇ ಅರ್ಥ. ಅದರ ಜೇನುಗೂಡು ಕರಗಿದರೆ ರಿಪೇರಿ ಇಲ್ಲ, ಬದಲಿಸುವುದೊಂದೇ ದಾರಿ. ವೇಗ ಇಳಿಸಿ, ಅನುಕೂಲವಾದ ಕಡೆ ನಿಲ್ಲಿಸಿ.

ಹೆಜ್ಜೆ 2: ಬ್ಯಾಟರಿ, ಫ್ಯೂಸ್, ಅರ್ತ್

ಇದನ್ನು ಬಿಟ್ಟು ಮುಂದೆ ಹೋಗಬೇಡಿ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ವೋಲ್ಟೇಜ್ 9.6ಕ್ಕಿಂತ ಕೆಳಗೆ ಬಿದ್ದರೆ ಮೊದಲು ಬ್ಯಾಟರಿ ಸರಿಮಾಡಿ. ಇಗ್ನಿಷನ್ ಫ್ಯೂಸ್, ರಿಲೇ ನೋಡಿ. ಕಾಯಿಲ್‌ನ ಕನೆಕ್ಟರ್ ಬಿಚ್ಚಿ, ಕೀ ಆನ್ ಇಟ್ಟು, ಸಪ್ಲೈ ಪಿನ್ನಿನಲ್ಲಿ ಬ್ಯಾಟರಿ ವೋಲ್ಟೇಜ್ ಇದೆಯೇ ಅಳೆಯಿರಿ. ಕೆಲವು ಕಾರುಗಳಲ್ಲಿ ಅದು ಸೆಲ್ಫ್ ಹೊಡೆಯುವಾಗ ಮಾತ್ರ ಬರುತ್ತದೆ. ಮಲ್ಟಿಮೀಟರ್‌ನ ಒಂದು ಕಡ್ಡಿ ಇಂಜಿನ್ ಬ್ಲಾಕಿಗೆ, ಇನ್ನೊಂದು ಬ್ಯಾಟರಿಯ ನೆಗೆಟಿವ್‌ಗೆ ಇಟ್ಟು ಸೆಲ್ಫ್ ಹೊಡೆಯಿರಿ. ಅರ್ಧ ವೋಲ್ಟ್ ಮೀರಿ ತೋರಿಸಿದರೆ ಅರ್ತ್ ಪಟ್ಟಿ ತುಕ್ಕು ಹಿಡಿದಿದೆ. ಡ್ಯಾಶ್‌ಬೋರ್ಡಿನಲ್ಲಿ ಕೀ ಚಿಹ್ನೆ ಮಿಣುಕುತ್ತಿದ್ದರೆ ಕಳ್ಳತನ ತಡೆಯುವ ಇಮ್ಮೊಬಿಲೈಸರ್ ತಡೆದಿರಬಹುದು, ಇನ್ನೊಂದು ಕೀ ಹಾಕಿ ನೋಡಿ.

ಹೆಜ್ಜೆ 3: ಕೋಡ್ ಓದಿ, ಆದರೆ ತೀರ್ಪೆಂದು ನಂಬಬೇಡಿ

1996ರಿಂದ ಅಮೆರಿಕದ ಕಾರುಗಳಿಗೆ ಕಡ್ಡಾಯವಾದ ಒಬಿಡಿ-2ರ 16 ಪಿನ್ನಿನ ಸಾಕೆಟ್ ಇಂದು ಬಹುತೇಕ ಎಲ್ಲ ಕಾರಿನಲ್ಲೂ ಇದೆ. ಅದಕ್ಕೆ ಸ್ಕ್ಯಾನರ್ ಜೋಡಿಸಿದರೆ ಇಸಿಯು ಗುರುತಿಟ್ಟ ದೋಷದ ಕೋಡ್ ಓದಬಹುದು. ಪಿ0300 ಎಂದರೆ ಅಲ್ಲಲ್ಲಿ ಮಿಸ್‌ಫೈರ್, ಪಿ0301 ಒಂದನೇ ಸಿಲಿಂಡರ್, ಪಿ0302 ಎರಡನೆಯದು. ಪಿ0335 ಕ್ರ್ಯಾಂಕ್ ಸೆನ್ಸರ್ ಸರ್ಕ್ಯೂಟ್, ಪಿ0340 ಕ್ಯಾಮ್, ಪಿ0325 ನಾಕ್ ಸೆನ್ಸರ್, ಪಿ0351 ಮೊದಲ ಕಾಯಿಲ್‌ನ ಸರ್ಕ್ಯೂಟ್.

ಮಿಸ್‌ಫೈರ್ ಇಸಿಯುವಿಗೆ ಗೊತ್ತಾಗುವುದು ಹೇಗೆ? ಅದೇ ಕ್ರ್ಯಾಂಕ್ ಚಕ್ರದ ಹಲ್ಲುಗಳಿಂದ. ಒಂದು ಸಿಲಿಂಡರ್ ಉರಿಯದಿದ್ದರೆ ಅದರ ಸರದಿಯಲ್ಲಿ ಕ್ರ್ಯಾಂಕ್ ಕೂದಲೆಳೆಯಷ್ಟು ನಿಧಾನವಾಗುತ್ತದೆ. ಉರಿಯಲಿಲ್ಲ ಎಂದಷ್ಟೇ ಅದು ಬಲ್ಲದು. ಕಿಡಿ ಬರಲಿಲ್ಲವೋ, ಪೆಟ್ರೋಲ್ ಬರಲಿಲ್ಲವೋ, ಕಂಪ್ರೆಷನ್ (ಪಿಸ್ಟನ್ ಮಿಶ್ರಣವನ್ನು ಒತ್ತುವ ಒತ್ತಡ) ಇಲ್ಲವೋ, ಅದು ನಾವು ಹುಡುಕಬೇಕಾದ ಉತ್ತರ.

ಹೆಜ್ಜೆ 4: ಅದಲು ಬದಲು

ತಲೆಗೊಂದು ಕಾಯಿಲ್ ಇರುವ ಕಾರಿನಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ, ಖರ್ಚೂ ಇಲ್ಲ. ಪಿ0302 ಬಂದಿದ್ದರೆ, ಇಂಜಿನ್ ಆಫ್ ಮಾಡಿ, ಎರಡನೆಯ ಕಾಯಿಲನ್ನು ನಾಲ್ಕಕ್ಕೆ, ನಾಲ್ಕರದ್ದನ್ನು ಎರಡಕ್ಕೆ ಹಾಕಿ. ಕೋಡ್ ಅಳಿಸಿ ಓಡಿಸಿ. ಪಿ0304 ಬಂದರೆ ಕಾಯಿಲ್ ಕೆಟ್ಟಿದೆ. ಮತ್ತೆ ಪಿ0302 ಬಂದರೆ ಕಾಯಿಲ್ ನಿರಪರಾಧಿ, ಈಗ ಪ್ಲಗ್‌ಗಳನ್ನು ಅದಲು ಬದಲು ಮಾಡಿ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದು ತಪ್ಪೆಂದು ತಿಳಿಯದು. ಆಗಲೂ ದೋಷ ಎರಡನೇ ಸಿಲಿಂಡರಿನಲ್ಲೇ ಕೂತರೆ ವೈರಿಂಗ್, ಇಂಜೆಕ್ಟರ್, ಕಂಪ್ರೆಷನ್ ಕಡೆ ತಿರುಗಿ.

ಹೆಜ್ಜೆ 5: ಪ್ಲಗ್ ಓದಿ

ಬಿಚ್ಚಿದ ಪ್ಲಗ್‌ಗಳನ್ನು ಸಿಲಿಂಡರಿನ ಸರದಿಯಲ್ಲೇ ಜೋಡಿಸಿಡಿ. ತುದಿ ತೆಳು ಕಂದು ಬಣ್ಣವಿದ್ದರೆ ಆರೋಗ್ಯ. ಒಣ ಕಪ್ಪು ಮಸಿ ಎಂದರೆ ಪೆಟ್ರೋಲ್ ಹೆಚ್ಚು ಅಥವಾ ಕಿಡಿ ಸೊರಗಿದೆ. ಎಣ್ಣೆ ಹತ್ತಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್. ಬೆಳ್ಳಗೆ ಸುಟ್ಟು ಗುಳ್ಳೆ ಎದ್ದಿದ್ದರೆ ಅತಿ ಬಿಸಿ. ಪಿಂಗಾಣಿಯ ಮೇಲೆ ಪೆನ್ಸಿಲ್ ಗೆರೆಯಂತೆ ಸಣ್ಣ ಕಪ್ಪು ಗೆರೆ ಇದ್ದರೆ ಕಿಡಿ ಹೊರಗಿನಿಂದ ಇಳಿದು ಹೋಗಿದೆ. ಆಗ ಪ್ಲಗ್ ಜೊತೆಗೆ ಕಾಯಿಲ್‌ನ ರಬ್ಬರ್ ಕವಚವನ್ನೂ ಬದಲಿಸಿ. ಹಳೆಯ ಕವಚದೊಳಗೂ ಅದೇ ಗೆರೆ ಇರುತ್ತದೆ, ಹೊಸ ಪ್ಲಗ್ಗನ್ನೂ ಅದು ಕೆಡಿಸುತ್ತದೆ. ಗ್ಯಾಪ್ ಹೆಚ್ಚಿನ ಕಾರುಗಳಲ್ಲಿ 0.7ರಿಂದ 1.1 ಮಿಲಿಮೀಟರ್ ನಡುವೆ. ನಿಮ್ಮ ಕಾರಿನ ಪುಸ್ತಕ ಹೇಳಿದ್ದೇ ಅಂತಿಮ.

ಹೆಜ್ಜೆ 6: ಯಾವ ಸಿಲಿಂಡರಿಗೂ ಕಿಡಿ ಇಲ್ಲದಿದ್ದರೆ

ಎಲ್ಲ ಕಾಯಿಲ್ ಒಮ್ಮೆಗೇ ಸಾಯುವುದು ತೀರಾ ಅಪರೂಪ. ಎಲ್ಲಕ್ಕೂ ಸಾಮಾನ್ಯವಾದದ್ದನ್ನು ಹುಡುಕಿ, ಅಂದರೆ ಸಪ್ಲೈ, ಅರ್ತ್, ಕ್ರ್ಯಾಂಕ್ ಸೆನ್ಸರ್.

ಇದು ನನಗೆ ಕಷ್ಟಪಟ್ಟು ಬಂದ ಪಾಠ. ನನ್ನ ಕಾರು ಒಂದು ಗಂಟೆ ಓಡಿದ ಮೇಲೆ ಇದ್ದಕ್ಕಿದ್ದಂತೆ ನಿಲ್ಲುತ್ತಿತ್ತು. ಅರ್ಧ ಗಂಟೆ ಬಿಟ್ಟರೆ ಏನೂ ಆಗದಂತೆ ಸ್ಟಾರ್ಟ್. ಗ್ಯಾರೇಜಿನಲ್ಲಿ ಪೆಟ್ರೋಲ್ ಪಂಪ್ ಬದಲಿಸಿದರು, ಪ್ಲಗ್ ಬದಲಿಸಿದರು, ಕಾರು ಮತ್ತೆ ನಿಂತಿತು. ಕೊನೆಗೊಂದು ದಿನ ರಸ್ತೆ ಬದಿಯಲ್ಲಿ ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳು ಅಲುಗದೆ ಸೊನ್ನೆಯಲ್ಲೇ ಮಲಗಿದ್ದು ಕಣ್ಣಿಗೆ ಬಿತ್ತು. ಸ್ಟಾರ್ಟರ್ ಇಂಜಿನ್ ತಿರುಗಿಸುತ್ತಿದೆ, ಇಸಿಯುವಿಗೆ ಅದು ತಿರುಗುತ್ತಿರುವುದೇ ಗೊತ್ತಿಲ್ಲ. ಕ್ರ್ಯಾಂಕ್ ಸೆನ್ಸರ್ ಬಿಚ್ಚಿ ತಂದು ಅಳೆದರೆ ತಣ್ಣಗಿದ್ದಾಗ ಓಮ್ಸ್ (ತಂತಿಯ ರೋಧ) ಸರಿ. ಕೂದಲು ಒಣಗಿಸುವ ಡ್ರೈಯರ್‌ನಲ್ಲಿ ಬಿಸಿ ಮಾಡುತ್ತ ಅಳೆದಾಗ ಮೀಟರ್ ಥಟ್ಟನೆ ಓಪನ್ ತೋರಿಸಿತು. ಬಿಸಿಗೆ ಹಿಗ್ಗಿದ ತಂತಿ ಒಳಗೇ ಬಿಟ್ಟುಕೊಳ್ಳುತ್ತಿತ್ತು.

ಹಾಗಾಗಿ ಸೆಲ್ಫ್ ಹೊಡೆಯುತ್ತ ಆರ್‌ಪಿಎಂ ಮುಳ್ಳು ನೋಡಿ, ಸ್ಕ್ಯಾನರ್ ಇದ್ದರೆ ಅದರ ಲೈವ್ ಡೇಟಾದಲ್ಲಿ ನೋಡಿ. ಕೆಲವು ಕಾರುಗಳಲ್ಲಿ ಮುಳ್ಳು ಆ ಹೊತ್ತಿಗೆ ಏಳುವುದಿಲ್ಲ, ಆಗ ಸ್ಕ್ಯಾನರ್‌ನ ಮಾತೇ ಸರಿ. 200ರ ಆಸುಪಾಸು ತೋರಿಸಿದರೆ ಸೆನ್ಸರ್ ಮಾತಾಡುತ್ತಿದೆ. ಸೊನ್ನೆಯಾದರೆ ಕನೆಕ್ಟರ್, ವೈರ್, ಸೆನ್ಸರ್ ಪರೀಕ್ಷಿಸಿ. ತಂತಿ ಸುರುಳಿಯ ಮಾದರಿಯನ್ನು ಮಾತ್ರ ಓಮ್ಸ್‌ನಲ್ಲಿ ಅಳೆಯಬಹುದು. ಕಾಂತಕ್ಷೇತ್ರ ಗುರುತಿಸುವ ಚಿಪ್ ಇರುವ ಹಾಲ್ ಮಾದರಿಗೆ ಮೂರು ಪಿನ್: ಸಪ್ಲೈ, ಅರ್ತ್, ಸಿಗ್ನಲ್. ಅದನ್ನು ಓಮ್ಸ್‌ನಲ್ಲಿ ಅಳೆದರೆ ಏನೂ ತಿಳಿಯದು, ಸಪ್ಲೈ ವೋಲ್ಟೇಜ್ ಮತ್ತು ಸಿಗ್ನಲ್ ನೋಡಬೇಕು. ಸೆನ್ಸರ್ ತುದಿಗೆ ಕಬ್ಬಿಣದ ಪುಡಿ ಅಂಟಿದ್ದರೆ ಒರೆಸಿ, ಹಲ್ಲಿನ ಚಕ್ರ ಮುರಿದಿಲ್ಲವೆಂದು ಖಚಿತ ಮಾಡಿಕೊಳ್ಳಿ.

ಇಸಿಯುವಿನ ಸಿಗ್ನಲ್ ವೈರ್‌ಗೆ ಹಳೆಯ ಬಲ್ಬಿನ ಟೆಸ್ಟ್ ಲ್ಯಾಂಪ್ ಚುಚ್ಚಬೇಡಿ. ಬಲ್ಬು ಎಳೆಯುವ ಕರೆಂಟಿಗೆ ಒಳಗಿನ ಸರ್ಕ್ಯೂಟ್ ಸುಡಬಹುದು. ಸಪ್ಲೈ, ಅರ್ತ್, ಸೆನ್ಸರ್, ವೈರಿಂಗ್ ಎಲ್ಲವೂ ಸರಿಯೆಂದು ಅಳೆದು ತೋರಿಸಿದ ಮೇಲಷ್ಟೇ ಇಸಿಯು ಮೇಲೆ ಅನುಮಾನ ಪಡಿ.

ಹೆಜ್ಜೆ 7: ಮರಳಿ ಜೋಡಿಸುವಾಗ

ಇಂಜಿನ್ ತಣ್ಣಗಿದ್ದಾಗಲೇ ಪ್ಲಗ್ ಬಿಚ್ಚಿ, ತಣ್ಣಗಿದ್ದಾಗಲೇ ಹಾಕಿ. ಅಲ್ಯೂಮಿನಿಯಂ ಹೆಡ್ಡಿನ ಮರೆ (ಪ್ಲಗ್ ಕೂರುವ ತೂತಿನ ಥ್ರೆಡ್) ಬಿಸಿಯಲ್ಲಿ ಸುಲಭವಾಗಿ ಕಿತ್ತುಬರುತ್ತದೆ. ಬಿಚ್ಚುವ ಮೊದಲು ಪ್ಲಗ್ ಕೂತ ಬಾವಿಯೊಳಗಿನ ಧೂಳನ್ನು ಗಾಳಿ ಹೊಡೆದು ತೆಗೆಯಿರಿ. ಹೊಸ ಪ್ಲಗ್ಗನ್ನು ಮೊದಲ ಕೆಲವು ಸುತ್ತು ಬರಿಗೈಯಲ್ಲೇ ತಿರುಗಿಸಿ. ತಡೆದರೆ ಹೊರಗೆ ತೆಗೆದು ಮತ್ತೆ ಶುರುಮಾಡಿ. ಕೊನೆಯ ಬಿಗಿತ ಟಾರ್ಕ್ ರೆಂಚಿನದು, ಅಳತೆ ಕಾರಿನ ಪುಸ್ತಕದ್ದು. ಇರಿಡಿಯಂ ಪ್ಲಗ್‌ನ ಸೂಜಿ ತುದಿಗೆ ಗ್ಯಾಪ್ ಗೇಜ್ ತುರುಕಬೇಡಿ, ಅದು ಮುರಿಯುತ್ತದೆ. ಕಾಯಿಲ್‌ನ ಕನೆಕ್ಟರ್ ಕ್ಲಿಕ್ ಎನ್ನುವವರೆಗೆ ಒತ್ತಿ.

ಕೋಡ್ ಅಳಿಸಿ ಕಾರನ್ನು ಏರು ರಸ್ತೆಗೆ ಒಯ್ಯಿರಿ. ದೊಡ್ಡ ಗೇರಿನಲ್ಲಿ, ಕಡಿಮೆ ಆರ್‌ಪಿಎಂನಿಂದ ಆಕ್ಸಿಲರೇಟರ್ ಒತ್ತಿ ಎಳೆಸಿ, ಕಿಡಿಗೆ ಅತಿ ಕಷ್ಟದ ಹೊತ್ತು ಅದೇ. ಹತ್ತಿದ ಮೇಲೆ ಸ್ಕ್ಯಾನರ್‌ನಲ್ಲಿ ಒಂದೊಂದು ಸಿಲಿಂಡರಿನ ಮಿಸ್‌ಫೈರ್ ಎಣಿಕೆ ನೋಡಿ. ಒಂದೇ ಸಿಲಿಂಡರಿನ ಎಣಿಕೆ ಏರುತ್ತಿದ್ದರೆ ನಾಲ್ಕನೇ ಹೆಜ್ಜೆಗೆ ಹಿಂತಿರುಗಿ.